ಹಾರಿಸುವುದು ಮೋಟರು, ಮರಳಿ ತರುವುದು ಮನೆಮಂದಿ

ಮಾಡೆಲ್ ರಾಕೆಟ್ ಎಂದರೆ ಒಂದು ರಟ್ಟಿನ ಕೊಳವೆ, ಪ್ಲಾಸ್ಟಿಕ್ಕಿನ ಮೂತಿ, ಹಗುರ ಮರದ ಮೂರು ನಾಲ್ಕು ರೆಕ್ಕೆ, ಹೊಟ್ಟೆಯೊಳಗೆ ಮಡಿಸಿಟ್ಟ ಪ್ಯಾರಾಶೂಟು, ಬುಡದಲ್ಲಿ ಹೆಬ್ಬೆರಳು ಗಾತ್ರದ ಮೋಟರು. ಗುಂಡಿ ಒತ್ತಿದ ಒಂದೆರಡು ಸೆಕೆಂಡಿನಲ್ಲಿ ಮೋಟರಿನ ಮದ್ದು ಉರಿದು ಮುಗಿದಿರುತ್ತದೆ. ಬೆಂಕಿ, ಹೊಗೆ, ಸದ್ದು ಅಷ್ಟೇ. ಅದಕ್ಕಿಂತ ಮುಂಚಿನ ವಾರವಿಡೀ ಅಂಟು, ಸ್ಯಾಂಡ್‌ಪೇಪರ್, ಜಗಳ. ಆಮೇಲಿನ ಅರ್ಧ ಗಂಟೆ ಹುಲ್ಲಿನಲ್ಲಿ ಹುಡುಕಾಟ.

ಅಮೆರಿಕದ ಕೊಲರಾಡೊದಲ್ಲಿ, ಡೆನ್ವರಿನ ಹೊರವಲಯದಲ್ಲಿ ನಾವಿರುವುದು. ಗಂಡ, ನಾನು, ಮಗಳು, ಮಗ, ಊರಿಂದ ಬಂದಾಗ ನಮ್ಮತ್ತೆ, ಇಷ್ಟು ಜನರ ಹವ್ಯಾಸ ಇದು. ಪಟಾಕಿ ರಾಕೆಟ್ಟು ಹೋದದ್ದು ಹೋಯಿತು, ಅದರ ಕಡ್ಡಿ ಯಾರ ಮನೆ ಹಂಚಿನ ಮೇಲೆ ಬಿತ್ತೋ ಕೇಳುವವರಿಲ್ಲ. ಇದು ಹಾಗಲ್ಲ. ಹೋದದ್ದು ಒಡೆಯದೆ ಬರಬೇಕು, ಹೊಸ ಮೋಟರು ಹಾಕಿದರೆ ಮತ್ತೆ ಹಾರಬೇಕು. ಈ ಒಂದು ಷರತ್ತಿನಿಂದಲೇ ಉಳಿದೆಲ್ಲ ಪಾಠಗಳು ಹುಟ್ಟುತ್ತವೆ.

1. ಮದ್ದಿನ ಗೊಡವೆ ಬೇಡ, ಮೋಟರು ಕೊಂಡು ತನ್ನಿ

1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಹಾರಿದ ಮೇಲೆ ಅಮೆರಿಕದ ಹುಡುಗರಿಗೆ ರಾಕೆಟ್ ಹುಚ್ಚು ಹಿಡಿಯಿತು. ಲೋಹದ ಕೊಳವೆಗೆ ರಾಸಾಯನಿಕ ತುಂಬಿ ಕೈ, ಕಣ್ಣು ಕಳೆದುಕೊಂಡವರಿದ್ದರು. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ತನ್ನ ಸೋದರನ ಜೊತೆ ಸೇರಿ, ಕಾಗದದ ಮೈ, ಬಿಸಾಡಬಹುದಾದ ಮೋಟರು, ಪ್ಯಾರಾಶೂಟಿನಲ್ಲಿ ಇಳಿದು ಬರುವ ರಾಕೆಟ್ಟನ್ನು ಅದಕ್ಕೂ ಮೊದಲೇ ಮಾಡಿಟ್ಟಿದ್ದ. ವೈಟ್ ಸ್ಯಾಂಡ್ಸ್ ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಜಿ. ಹ್ಯಾರಿ ಸ್ಟೈನ್‌ಗೆ ಅಂಥ ರಾಕೆಟ್ಟುಗಳನ್ನು ಕಳಿಸಿಕೊಟ್ಟ. ಸ್ಟೈನ್ ಡೆನ್ವರಿನಲ್ಲಿ ಕಂಪನಿ ಶುರುಮಾಡಿದ. ಅವನಿಗೆ ಬೇಕಾದ ಮೋಟರುಗಳನ್ನು ಯಂತ್ರದಲ್ಲಿ ತಯಾರಿಸಿ ಕೊಟ್ಟವನು ವರ್ನ್ ಎಸ್ಟೆಸ್; ಆ ಯಂತ್ರದ ಹೆಸರು ಮೇಬಲ್. ಎಸ್ಟೆಸ್ ಕಂಪನಿ ಆಮೇಲೆ ನಮ್ಮ ರಾಜ್ಯದ ಪೆನ್‌ರೋಸ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿತು.

ಇಷ್ಟನ್ನು ಮಕ್ಕಳಿಗೆ ಹೇಳುವುದಕ್ಕೆ ಕಾರಣವಿದೆ. ಮದ್ದು ತುಂಬುವ ಅಪಾಯದ ಕೆಲಸವನ್ನು ಮನೆಯಿಂದ ತೆಗೆದು ಕಾರ್ಖಾನೆಗೆ ಒಪ್ಪಿಸಿದ್ದೇ ಈ ಹವ್ಯಾಸದ ಹುಟ್ಟು. "ಇನ್ನಷ್ಟು ಮದ್ದು ತುಂಬಿದರೆ ಏನಾಗುತ್ತದೆ?" ಎಂದು ಹನ್ನೆರಡರ ವಯಸ್ಸಿನವರು ಕೇಳಿಯೇ ಕೇಳುತ್ತಾರೆ. ಬೇಡ ಎಂದು ಗದರಿಸುವುದಕ್ಕಿಂತ ಈ ಕಥೆ ಹೇಳುವುದು ಮೇಲು. ಇನ್ನೊಂದು: ಬೇಸಿಗೆಯಲ್ಲಿ ಮೋಟರುಗಳನ್ನು ಕಾರಿನಲ್ಲಿ ಬಿಡಬಾರದು. ಕಾದು, ಆರಿ, ಮತ್ತೆ ಕಾದರೆ ಒಳಗಿನ ಮದ್ದು ಬಿರುಕು ಬಿಡುತ್ತದೆ. ಅಂಥದ್ದು ಹಾರುವ ಬದಲು ಒಡೆಯುತ್ತದೆ.

2. ಮೋಟರಿನ ಮೇಲೆ ಬರೆದದ್ದನ್ನು ಮಕ್ಕಳೇ ಓದಲಿ

ಬಿ6-4 ಎಂದು ಬರೆದಿರುತ್ತದೆ. ಅಕ್ಷರ ಒಟ್ಟು ನೂಕಿನ ವರ್ಗ: ಎ ಎಂದರೆ 2.5 ನ್ಯೂಟನ್-ಸೆಕೆಂಡಿನವರೆಗೆ, ಬಿ 5ರವರೆಗೆ, ಸಿ 10ರವರೆಗೆ. ಅಕ್ಷರ ಒಂದು ಮುಂದೆ ಹೋದರೆ ಮಿತಿ ಇಮ್ಮಡಿ. ಮೊದಲ ಅಂಕಿ ಸರಾಸರಿ ನೂಕುಬಲ, ನ್ಯೂಟನ್ ಲೆಕ್ಕದಲ್ಲಿ. ಕೊನೆಯ ಅಂಕಿ, ಮದ್ದು ಉರಿದು ಮುಗಿದ ಎಷ್ಟು ಸೆಕೆಂಡಿನ ಮೇಲೆ ಪ್ಯಾರಾಶೂಟನ್ನು ಹೊರದಬ್ಬುವ ಸಣ್ಣ ಸ್ಫೋಟ ಆಗುತ್ತದೆ ಎಂಬುದು.

ಎಲ್ಲರ ಕಣ್ಣೂ ಅಕ್ಷರದ ಮೇಲೆ. ರಾಕೆಟ್ಟಿನ ಹಣೆಬರಹ ಇರುವುದು ಕೊನೆಯ ಅಂಕಿಯಲ್ಲಿ. ಮದ್ದು ಮುಗಿದರೂ ರಾಕೆಟ್ಟು ಇದ್ದ ವೇಗದಲ್ಲೇ ಏರುತ್ತಿರುತ್ತದೆ. ತುತ್ತತುದಿಗೆ ಹೋಗಿ ನಿಧಾನವಾದ ಆ ಗಳಿಗೆಯಲ್ಲಿ ಪ್ಯಾರಾಶೂಟ್ ಬಿಚ್ಚಬೇಕು. ಬೇಗ ಬಿಚ್ಚಿದರೆ ಏರುವ ವೇಗಕ್ಕೆ ದಾರ ಕಿತ್ತುಹೋಗುತ್ತದೆ. ತಡವಾದರೆ ಮೂತಿ ಕೆಳಗಾಗಿ ಧುಮುಕುತ್ತಿರುವಾಗ ಬಿಚ್ಚಿ, ದಾರವೇ ರಟ್ಟಿನ ಕೊಳವೆಯನ್ನು ಉದ್ದಕ್ಕೆ ಸೀಳುತ್ತದೆ. ಭಾರದ ರಾಕೆಟ್ಟಿಗೆ ಕಡಿಮೆ ಅಂಕಿ, ಹಗುರದ್ದಕ್ಕೆ ಹೆಚ್ಚಿನ ಅಂಕಿ. ಕಿಟ್ಟಿನ ಚೀಟಿಯಲ್ಲಿ ಯಾವ ಮೋಟರು ಸರಿ ಎಂದು ಪಟ್ಟಿ ಇರುತ್ತದೆ; ಅದನ್ನು ಮೀರಬೇಡಿ.

3. ಮೊದಲನೆಯದು ದಪ್ಪಗಿರಲಿ, ನಿಧಾನವಾಗಿರಲಿ

ಅಂಗಡಿಯಲ್ಲಿ ಮಕ್ಕಳ ಕೈ ಹೋಗುವುದು ತೆಳ್ಳಗೆ, ಹೊಳೆಯುವ, ಡಬ್ಬಿಯ ಮೇಲೆ ಅತಿ ದೊಡ್ಡ ಅಂಕಿ ಬರೆದ ರಾಕೆಟ್ಟಿನ ಕಡೆ. ಅದು ಸುಂಯ್ ಎಂದು ಹೋಗಿ ಚುಕ್ಕಿಯಾಗಿ ಮಾಯವಾಗುತ್ತದೆ; ಎಲ್ಲಿ ಇಳಿಯಿತೆಂದೇ ತಿಳಿಯುವುದಿಲ್ಲ. ಎಸ್ಟೆಸ್‌ನ ಬಿಗ್ ಬರ್ತಾದಂಥ ದಪ್ಪ ಮೈಯ ರಾಕೆಟ್ಟು ಗಾಂಭೀರ್ಯದಿಂದ ಏರುತ್ತದೆ, ಹತ್ತುವುದೂ ತಿರುಗುವುದೂ ಪ್ಯಾರಾಶೂಟ್ ಅರಳುವುದೂ ಕಣ್ಣಿಗೆ ಕಾಣುತ್ತದೆ. ಐದು ವರ್ಷದ ಮಗುವಿಗೆ ನೂರಾರು ಮೀಟರ್ ಎತ್ತರದಿಂದ ಸಿಗುವ ಸಂತೋಷ ಏನೂ ಇಲ್ಲ. ಕಾಣುವಷ್ಟು ಎತ್ತರ ಸಾಕು.

ಮೈದಾನದ ಅಳತೆಯೂ ಇದನ್ನೇ ಹೇಳುತ್ತದೆ. 1957ರಲ್ಲಿ ಹುಟ್ಟಿದ ಅಮೆರಿಕದ ರಾಷ್ಟ್ರೀಯ ರಾಕೆಟ್ ಸಂಘದ ಸುರಕ್ಷತಾ ನಿಯಮದ ಪ್ರಕಾರ ಎ ಮೋಟರಿಗೆ ಮೈದಾನದ ಅತಿ ಕಿರಿದಾದ ಬದಿಯೂ 30 ಮೀಟರ್ ಇರಬೇಕು, ಬಿ ಮೋಟರಿಗೆ 60, ಸಿ ಮೋಟರಿಗೆ 120. ಶಾಲೆಯ ಆಟದ ಬಯಲು ನೋಡಿ ಮೋಟರು ಆರಿಸಿ. ಮೋಟರು ಕೊಂಡ ಮೇಲೆ ಬಯಲು ಹುಡುಕಬೇಡಿ. ಜಾಗದ ಒಡೆಯರನ್ನು ಕೇಳಿಯೇ ಹೋಗಿ.

4. ರೆಕ್ಕೆ ನೆಟ್ಟಗಿದ್ದರೆ ಅರ್ಧ ಕೆಲಸ ಮುಗಿಯಿತು

ನಮ್ಮತ್ತೆಯ ತವರು ಹೊಸನಗರ ತಾಲ್ಲೂಕು. 2018ರಲ್ಲಿ ಅಲ್ಲಿನ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕ ಸುದ್ದಿ ಅವರಿಗೆ ಚೆನ್ನಾಗಿ ನೆನಪಿತ್ತು. ಮೊಮ್ಮಗಳು ಅಡುಗೆಮನೆ ಮೇಜಿನ ಮೇಲೆ ರೆಕ್ಕೆ ಅಂಟಿಸುತ್ತಿದ್ದಾಗ ಕೇಳಿದರು: "ಅಲ್ವೇ ಪುಟ್ಟಿ, ನಮ್ಮೂರ ಬಾವೀಲಿ ಸಿಕ್ಕಿದ್ದು ಬರೀ ಕಬ್ಬಿಣದ ಕೊಳವೆಯಂತೆ. ರೆಕ್ಕೆ ಇಲ್ದೆ ಅದು ನೆಟ್ಟಗೆ ಹೆಂಗೆ ಹೋಗ್ತಿತ್ತು?"

ಅದಕ್ಕಿಂತ ಒಳ್ಳೆಯ ಪ್ರಶ್ನೆ ಈ ಹವ್ಯಾಸದಲ್ಲಿಲ್ಲ. ಮೈಸೂರಿನ ರಾಕೆಟ್ಟಿಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು, ದೀಪಾವಳಿಯ ರಾಕೆಟ್ಟಿಗೆ ಇಂದಿಗೂ ಕಡ್ಡಿ ಇರುವ ಹಾಗೆ. ಕಡ್ಡಿಯಾಗಲಿ ರೆಕ್ಕೆಯಾಗಲಿ ಮಾಡುವುದು ಒಂದೇ ಕೆಲಸ: ಗಾಳಿ ಒತ್ತುವ ಜಾಗವನ್ನು ತೂಕದ ಕೇಂದ್ರಕ್ಕಿಂತ ಹಿಂದಕ್ಕೆ ಒಯ್ಯುವುದು. ಆಗ ಮೂತಿ ಅತ್ತಿತ್ತ ಹೊರಳಿದರೆ ಗಾಳಿಯೇ ಬಾಲವನ್ನು ದಬ್ಬಿ ಸರಿದಾರಿಗೆ ತರುತ್ತದೆ. ತೂಕದ ಕೇಂದ್ರ ಕನಿಷ್ಠ ಕೊಳವೆಯ ಒಂದು ಅಡ್ಡಳತೆಯಷ್ಟು ಮುಂದಿರಬೇಕು ಎಂಬುದು ಹವ್ಯಾಸಿಗಳ ವಾಡಿಕೆ. ಗಾಳಿ ಒತ್ತುವ ಕೇಂದ್ರವನ್ನು ಲೆಕ್ಕ ಹಾಕುವ ಸುಲಭ ಸೂತ್ರಗಳನ್ನು 1960ರ ದಶಕದಲ್ಲಿ ಕೊಟ್ಟವರು ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್. ಈಗ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಅದನ್ನು ಮಾಡಿಕೊಡುತ್ತದೆ.

ಲೆಕ್ಕ ಬಾರದ ಮಕ್ಕಳಿಗೆ ದಾರದ ಪರೀಕ್ಷೆ ಇದೆ. ಮೋಟರು, ಪ್ಯಾರಾಶೂಟು ಎಲ್ಲ ತುಂಬಿ, ರಾಕೆಟ್ಟು ಅಡ್ಡಡ್ಡ ಸಮತೂಕವಾಗಿ ನಿಲ್ಲುವ ಕಡೆ ದಾರ ಕಟ್ಟಿ, ತಲೆಯ ಮೇಲೆ ಗಿರಗಿರ ತಿರುಗಿಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ. ಬಾಲ ಮುಂದಾದರೆ ಮೂತಿಯೊಳಗೆ ಒಂದು ಉಂಡೆ ಜೇಡಿಮಣ್ಣು ಒತ್ತಿ ಮತ್ತೆ ನೋಡಿ. ಬಾಲ್ಸಾ ಮರದ ರೆಕ್ಕೆ ಕತ್ತರಿಸುವಾಗ ಮರದ ಎಳೆ ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೆ ಇರಲಿ. ಅಡ್ಡವಾದರೆ ನೆಲಕ್ಕೆ ತಾಗಿದ ಕೂಡಲೇ ಮುರಿಯುತ್ತದೆ. ಅಂಟು ಒಣಗಲು ಒಂದು ರಾತ್ರಿ ಬಿಡಿ. ಈ ಒಂದು ರಾತ್ರಿ ಕಾಯುವುದೇ ಮಕ್ಕಳಿಗೆ ಅತಿ ಕಷ್ಟದ ಭಾಗ.

5. ಪ್ಯಾರಾಶೂಟ್ ಮಡಿಸುವವರಿಗೆ ಮರ್ಯಾದೆ ಕೊಡಿ

ಗುಂಡಿ ಒತ್ತಲು ಎಲ್ಲರೂ ಮುಂದು, ಪ್ಯಾರಾಶೂಟ್ ಮಡಿಸಲು ಯಾರೂ ಇಲ್ಲ. ನಮ್ಮಲ್ಲಿ ಮಡಿಸಿದವರಿಗೇ ಗುಂಡಿ ಒತ್ತುವ ಹಕ್ಕು. ಈ ನಿಯಮ ಬಂದ ಮೇಲೆ ರಾಕೆಟ್ಟುಗಳು ಗುಂಡಾಗಿ ಬೀಳುವುದು ಕಡಿಮೆಯಾಯಿತು.

ಮೊದಲು ಬೆಂಕಿ ಹಿಡಿಯದ ಕಾಗದದ ತುಣುಕುಗಳನ್ನು ಸಡಿಲವಾಗಿ ಉಂಡೆ ಮಾಡಿ ಕೊಳವೆಗೆ ಹಾಕಬೇಕು. ಪ್ಯಾರಾಶೂಟನ್ನು ಹೊರದಬ್ಬುವ ಬಿಸಿ ಅನಿಲಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಇರುವ ಗೋಡೆ ಅದೊಂದೇ. ಸಾಮಾನ್ಯ ಟಿಶ್ಯೂ ಕಾಗದ ಹಾಕಿದರೆ ಅದೇ ಹೊತ್ತಿಕೊಂಡು ಕೆಳಗೆ ಬೀಳುತ್ತದೆ. ಹಳೆಯ ಹವ್ಯಾಸಿಗಳು ಮನೆಯ ಗೋಡೆಗೆ ತುಂಬುವ, ಬೆಂಕಿ ತಡೆಯುವ ಕಾಗದದ ನಾರನ್ನು ಬಳಸುತ್ತಾರೆ; ಅವರು ಅದಕ್ಕಿಟ್ಟ ಅಡ್ಡಹೆಸರು 'ನಾಯಿ ವಾಂತಿ'. ಆ ಹೆಸರು ಕೇಳಿದ ಮೇಲೆ ನನ್ನ ಮಗ ಈ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ.

ಚಳಿಯಲ್ಲಿ ತೆಳು ಪ್ಲಾಸ್ಟಿಕ್ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಗುವಿಗೆ ಹಚ್ಚುವ ಪೌಡರ್ ಉದುರಿಸಿ ಮಡಿಸಿದರೆ ಬಿಚ್ಚಿಕೊಳ್ಳುತ್ತವೆ. ಮೈದಾನಕ್ಕೆ ಹೋಗುವ ಹೊತ್ತಿಗೆ ಮಡಿಸಿ. ಹಿಂದಿನ ರಾತ್ರಿಯೇ ಮಡಿಸಿಟ್ಟರೆ ಮಡಿಕೆ ಗಟ್ಟಿಯಾಗುತ್ತದೆ. ಮೂತಿ ಕೊಳವೆಯಲ್ಲಿ ಬಿಗಿಯಾಗಿಯೂ ಇರಬಾರದು, ಜಾರಿಯೂ ಬೀಳಬಾರದು: ರಾಕೆಟ್ಟನ್ನು ತಲೆಕೆಳಗೆ ಹಿಡಿದರೆ ನಿಲ್ಲಬೇಕು, ಮೆತ್ತಗೆ ಎಳೆದರೆ ಬರಬೇಕು. ಮೂತಿಯನ್ನು ಮೈಗೆ ಕಟ್ಟಿದ ರಬ್ಬರ್ ದಾರ ಸುಟ್ಟಿದೆಯೇ ಎಂದು ಪ್ರತಿ ಹಾರಾಟದ ನಂತರ ಬೆರಳಾಡಿಸಿ ನೋಡಿ.

6. ಬೆಳಿಗ್ಗೆ ಬೇಗ ಹೊರಡಿ, ಗಾಳಿಯನ್ನು ಓದಿ

ರಾಕಿ ಪರ್ವತದ ಈ ಮಗ್ಗುಲಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗುಮಳೆ ಸಾಮಾನ್ಯ. ಬೆಳಗಿನ ಹೊತ್ತು ಗಾಳಿ ಮಲಗಿರುತ್ತದೆ. ಸುರಕ್ಷತಾ ನಿಯಮ ಗಂಟೆಗೆ 32 ಕಿಲೋಮೀಟರ್ ಗಾಳಿಯವರೆಗೆ ಒಪ್ಪುತ್ತದೆ. ಮಕ್ಕಳ ಕಾಲಿನಲ್ಲಿ ಓಡಿ ಹಿಡಿಯಬೇಕಾದ ಮನೆಮಂದಿಗೆ ಅದರ ಅರ್ಧವೂ ಹೆಚ್ಚು.

ಗಾಳಿ ಎರಡು ಸಲ ಆಟವಾಡುತ್ತದೆ. ಏರುವಾಗ ಬಾಲವನ್ನು ದಬ್ಬಿ ಮೂತಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ, ಹಾಗಾಗಿ ರಾಕೆಟ್ಟು ಗಾಳಿಗೆ ಎದುರಾಗಿ ಹೋಗುತ್ತದೆ. ಇಳಿಯುವಾಗ ಪ್ಯಾರಾಶೂಟನ್ನು ಹಿಡಿದು ತನ್ನ ದಿಕ್ಕಿಗೆ ಒಯ್ಯುತ್ತದೆ. ಆದ್ದರಿಂದ ಮೈದಾನದ ಗಾಳಿ ಬರುವ ಕಡೆ ರಾಕೆಟ್ಟು ಹಾರಿಸುವ ಪ್ಯಾಡ್ ನಿಲ್ಲಿಸಿ, ಇಳಿಯಲು ಎದುರಿಗೆ ಜಾಗ ಬಿಡಿ. ಹೊರಡುವಾಗ ರಾಕೆಟ್ಟಿಗೆ ದಾರಿ ತೋರುವ ಪ್ಯಾಡಿನ ಸರಳನ್ನು ಸ್ವಲ್ಪ ಓರೆ ಮಾಡಬಹುದು, ನೇರಕ್ಕಿಂತ 30 ಡಿಗ್ರಿ ಮೀರುವಂತಿಲ್ಲ. ಗಾಳಿ ಜೋರಿದ್ದರೆ ಪ್ಯಾರಾಶೂಟಿನ ನಡುವೆ ತೂತು ಕತ್ತರಿಸಿ, ಇಲ್ಲವೇ ಅದನ್ನು ಬಿಟ್ಟು ಉದ್ದನೆಯ ರಿಬ್ಬನ್ ಕಟ್ಟಿ. ಬೇಗ ಇಳಿಯುತ್ತದೆ, ದೂರ ಹೋಗುವುದಿಲ್ಲ. ಡೆನ್ವರ್ ಸಮುದ್ರಮಟ್ಟಕ್ಕಿಂತ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳುಗಾಳಿಯಲ್ಲಿ ರಾಕೆಟ್ಟು ತುಸು ಹೆಚ್ಚು ಏರುತ್ತದೆ, ಪ್ಯಾರಾಶೂಟು ತುಸು ಬೇಗ ಇಳಿಯುತ್ತದೆ.

7. ಹುಲ್ಲು ಒಣಗಿದ್ದರೆ ಮನೆಗೆ ನಡೆಯಿರಿ

2021ರ ಡಿಸೆಂಬರ್ 30ರಂದು ಬೋಲ್ಡರ್ ಕೌಂಟಿಯಲ್ಲಿ ಒಣಹುಲ್ಲಿಗೆ ಬಿದ್ದ ಬೆಂಕಿ ಬಿರುಗಾಳಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಅದಕ್ಕೂ ರಾಕೆಟ್ಟಿಗೂ ಸಂಬಂಧವಿಲ್ಲ. ಆದರೆ ಚಳಿಗಾಲದಲ್ಲಿ ಬೆಂಕಿಯ ಭಯವಿಲ್ಲ ಎಂದುಕೊಂಡಿದ್ದ ಈ ಭಾಗದ ಎಲ್ಲರಿಗೂ ಅದು ಪಾಠ. ಕೌಂಟಿಯವರು ಬೆಂಕಿ ನಿರ್ಬಂಧ ಹೇರಿದ್ದಾರೆಯೇ ಎಂದು ಹೊರಡುವ ಮುಂಚೆ ನೋಡಿ. ನಿರ್ಬಂಧ ಇಲ್ಲದ ದಿನವೂ ಪ್ಯಾಡಿನ ಸುತ್ತ ನೆಲ ಬೋಳಾಗಿರಲಿ, ಮೋಟರಿನ ಕೆಳಗೆ ಉರಿ ತಡೆಯುವ ತಗಡು ಇರಲಿ, ಪಕ್ಕದಲ್ಲಿ ತುಂಬಿದ ಬಕೆಟ್ ಇರಲಿ. ಮಕ್ಕಳು ಅತ್ತರೂ ವಾಪಸ್ ಬರುವ ದಿನಗಳಿರುತ್ತವೆ.

8. ಎಲ್ಲರಿಗೂ ಒಂದು ಕೆಲಸ, 'ಬೇಡ' ಎನ್ನುವ ಹಕ್ಕು ಎಲ್ಲರಿಗೂ

ಲಾಂಚ್ ಕಂಟ್ರೋಲರಿಗೆ ಒಂದು ಸಣ್ಣ ಕೀಲಿ ಇರುತ್ತದೆ. ಅದಿಲ್ಲದೆ ಗುಂಡಿಗೆ ಜೀವವಿಲ್ಲ. ಪ್ಯಾಡಿನ ಹತ್ತಿರ ಹೋಗುವವರ ಜೇಬಿನಲ್ಲೇ ಆ ಕೀಲಿ ಇರಬೇಕು; ಉಳಿದವರ ಕೈಯಲ್ಲಿ ಇರಕೂಡದು. ತಂತಿಯ ಕ್ಲಿಪ್ ಸಿಕ್ಕಿಸಿ, ಹಿಂದೆ ಬಂದು, ಆಕಾಶ ನೋಡಿ, ಆಮೇಲೆ ಕೀಲಿ ಹಾಕುವುದು. ಡಿ ವರ್ಗದವರೆಗಿನ ಮೋಟರಿಗೆ ಕನಿಷ್ಠ 5 ಮೀಟರ್ ದೂರ. ಸರಳಿನ ತುದಿ ಕಣ್ಣಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ತುದಿಗೆ ಟೋಪಿ ಇರಬೇಕು. ಬಗ್ಗಿ ನೋಡುವ ಮಕ್ಕಳಿಗೆ ಮೋಟರಿಗಿಂತ ಆ ತುದಿಯೇ ಹೆಚ್ಚು ಅಪಾಯ.

ಒತ್ತಿದಾಗ ಹೊತ್ತದಿದ್ದರೆ ಕೀಲಿ ತೆಗೆದು, ಒಂದು ನಿಮಿಷ ಯಾರೂ ಅಲುಗಬಾರದು. ಆ ನಿಮಿಷವನ್ನು ನಮ್ಮತ್ತೆ ಗಡಿಯಾರ ನೋಡಿ ಎಣಿಸುತ್ತಾರೆ. "ಇನ್ನೂ ಆಗಿಲ್ಲ, ನಿಲ್ಲು" ಎಂದು ಅಜ್ಜಿ ಹೇಳಿದರೆ ಹೇಳಿದ್ದೇ. ಸಾಮಾನ್ಯವಾಗಿ ಮೋಟರನ್ನು ಹೊತ್ತಿಸುವ ಇಗ್ನೈಟರು ಮದ್ದಿಗೆ ತಾಗದೆ ಕೆಳಗೆ ಜಾರಿರುತ್ತದೆ, ಅಥವಾ ಎರಡು ಕ್ಲಿಪ್ ಒಂದಕ್ಕೊಂದು ತಗುಲಿರುತ್ತವೆ.

ಐದರಿಂದ ಕೆಳಕ್ಕೆ ಎಣಿಸುವಾಗ ಯಾರು ಬೇಕಾದರೂ "ಬೇಡ" ಎಂದು ಕೂಗಬಹುದು: ನಾಯಿ ಬಂತು, ವಿಮಾನ ಕಂಡಿತು, ಯಾಕೋ ಸರಿಯಿಲ್ಲ ಅನ್ನಿಸಿತು. ಕೂಗಿದವರನ್ನು ಯಾಕೆ ಎಂದು ಬೈಯುವಂತಿಲ್ಲ. ಮನೆಯಲ್ಲಿ ಚಿಕ್ಕವರ ಮಾತಿಗೆ ದೊಡ್ಡವರು ತಕ್ಷಣ ನಿಲ್ಲುವ ಸಂದರ್ಭಗಳು ಎಷ್ಟಿವೆ? ಮಕ್ಕಳು ಈ ಹಕ್ಕನ್ನು ಮೊದಲ ದಿನ ತಮಾಷೆಗೆ ಬಳಸುತ್ತಾರೆ, ಆಮೇಲೆ ನಿಜಕ್ಕೂ ಸುತ್ತಮುತ್ತ ನೋಡಲು ಕಲಿಯುತ್ತಾರೆ.

9. ಎತ್ತರವನ್ನು ಊಹಿಸಬೇಡಿ, ಅಳೆಯಿರಿ

ಜಾಮಿಟ್ರಿ ಡಬ್ಬಿಯ ಕೋನಮಾಪಕ, ಒಂದು ಸ್ಟ್ರಾ, ದಾರ, ತುದಿಗೊಂದು ನಟ್ಟು. ಪ್ಯಾಡಿನಿಂದ 100 ಮೀಟರ್ ದೂರ ನಿಂತು, ಸ್ಟ್ರಾದಲ್ಲಿ ರಾಕೆಟ್ಟನ್ನು ಹಿಂಬಾಲಿಸಿ, ತುದಿ ಮುಟ್ಟಿದಾಗ ದಾರ ಒತ್ತಿ ಹಿಡಿಯಬೇಕು. ದೂರವನ್ನು ಕೋನದ ಟ್ಯಾನ್ ಬೆಲೆಯಿಂದ ಗುಣಿಸಿದರೆ ಎತ್ತರ: 30 ಡಿಗ್ರಿಗೆ 58 ಮೀಟರ್, 45ಕ್ಕೆ 100, 60ಕ್ಕೆ 173. ಇದಕ್ಕೆ ನಿಂತವರ ಕಣ್ಣಿನ ಎತ್ತರ ಕೂಡಿಸಿ. ಇಬ್ಬರು ಬೇರೆ ಬೇರೆ ಕಡೆ ನಿಂತು ಅಳೆದರೆ ಉತ್ತರ ಹೊಂದುವುದಿಲ್ಲ. ಯಾಕೆಂದು ವಾದ ಶುರುವಾದರೆ ಗಣಿತ ತಾನಾಗಿ ಬರುತ್ತದೆ. ದಿನಾಂಕ, ಮೋಟರು, ಗಾಳಿ, ಕೋನ, ಹೇಗೆ ಇಳಿಯಿತು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಯಾವ ಮೋಟರು ಎಂಬ ಜಗಳವನ್ನು ಆ ಪುಸ್ತಕವೇ ತೀರಿಸುತ್ತದೆ.

10. ಇರುವೆ ಬೇಡ, ಮೊಟ್ಟೆ ಆಗಬಹುದು

ಯಾವ ಮಗುವಾದರೂ ಒಂದು ದಿನ ಇರುವೆಯನ್ನೋ ಜೀರುಂಡೆಯನ್ನೋ ಕೂರಿಸೋಣ ಎನ್ನುತ್ತದೆ. ಜೀವವಿರುವುದನ್ನು ಹಾರಿಸಬೇಡಿ. ಬದಲಿಗೆ ಹಸಿ ಮೊಟ್ಟೆ. 2003ರಿಂದ ಇಲ್ಲಿನ ಶಾಲಾ ತಂಡಗಳು ಸ್ಪರ್ಧಿಸುವ ರಾಷ್ಟ್ರೀಯ ಪಂದ್ಯದಲ್ಲೂ ಮೊಟ್ಟೆ ಒಡೆಯದೆ ಬರಬೇಕೆಂಬುದೇ ಪಣ. ನಮ್ಮದು ಮೊಟ್ಟೆ ತಿನ್ನದ ಮನೆ. ರಾಕೆಟ್ಟಿನ ನೆಪದಲ್ಲಿ ಅದು ಗ್ಯಾರೇಜಿನವರೆಗೆ ಬಂದಿದೆ. ಅತ್ತೆ ಇರುವವರೆಗೆ ಅಲ್ಲಿಂದ ಒಳಗೆ ಬರುವುದಿಲ್ಲ.

11. ಕೆಲವನ್ನು ಬಿಟ್ಟು ಬರಬೇಕು

ವಿದ್ಯುತ್ ತಂತಿಗೆ ಸಿಕ್ಕಿಕೊಂಡ ರಾಕೆಟ್ಟು ನಿಮ್ಮದಲ್ಲ. ಎತ್ತರದ ಮರದ್ದೂ ಅಷ್ಟೇ. ಕೋಲು, ಕಲ್ಲು, ಏಣಿ ಯಾವುದೂ ಬೇಡ. ಉಳಿದವನ್ನು ಹುಡುಕಲು ಒಂದು ಉಪಾಯ: ಇಳಿಯುವಾಗ ಇಬ್ಬರು ದೂರ ದೂರ ನಿಂತು, ಬಿದ್ದ ದಿಕ್ಕಿಗೆ ಕೈ ಚಾಚಿ, ದೂರದ ಕಂಬವನ್ನೋ ಪೊದೆಯನ್ನೋ ಗುರುತಿಟ್ಟು ಅದೇ ಗೆರೆಯಲ್ಲಿ ನಡೆಯಬೇಕು. ಎರಡು ಗೆರೆ ಕೂಡುವಲ್ಲಿ ರಾಕೆಟ್ಟು. ಹಸಿರು, ಕಂದು ಬಣ್ಣ ಬಳಿಯಬೇಡಿ, ಕಿತ್ತಳೆ ಒಳ್ಳೆಯದು. ಬೇಸಿಗೆಯ ಹುಲ್ಲಿನಲ್ಲಿ ಬುಡುಬುಡಿಕೆ ಹಾವು ಇರುತ್ತದೆ, ಬೂಟು ಹಾಕಿ. ರಾಕೆಟ್ಟಿನ ಮೇಲೆ ಫೋನ್ ನಂಬರ್ ಬರೆದಿಡಿ.

12. ಊರಿನಲ್ಲಿ ನೀರಿನ ರಾಕೆಟ್ಟು ಹಾರಿಸಿ

ರಜೆಗೆ ಊರಿಗೆ ಹೊರಟಾಗ ಮಕ್ಕಳು ರಾಕೆಟ್ಟನ್ನು ಪೆಟ್ಟಿಗೆಗೆ ಹಾಕುತ್ತಾರೆ. ಖಾಲಿ ರಾಕೆಟ್ಟು ವಿಮಾನದಲ್ಲಿ ಬರಬಹುದು; ಮೋಟರನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಪಟಾಕಿ ಬಿಚ್ಚಿ ಮದ್ದು ತೆಗೆಯುವ ಯೋಚನೆಯನ್ನು ಮೊಳಕೆಯಲ್ಲೇ ಚಿವುಟಿ.

ಎರಡು ಲೀಟರಿನ ಸೋಡಾ ಜಾತಿಯ ಪಾನೀಯದ ಬಾಟಲಿ ತೆಗೆದುಕೊಳ್ಳಿ. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡ ತಡೆಯುವುದಿಲ್ಲ. ಬಾಯಿಗೆ ಸರಿಯಾದ ರಬ್ಬರ್ ಬಿರಡೆ, ಅದರೊಳಗೆ ಸೈಕಲ್ ಟ್ಯೂಬಿನ ವಾಲ್ವು, ಉದ್ದ ಪೈಪಿನ ಸೈಕಲ್ ಪಂಪು. ರಟ್ಟಿನ ರೆಕ್ಕೆ ಅಂಟಿಸಿ, ಮೂರನೇ ಒಂದು ಭಾಗ ನೀರು ತುಂಬಿ, ತಲೆಕೆಳಗಾಗಿ ನಿಲ್ಲಿಸಿ ಗಾಳಿ ತುಂಬುತ್ತಾ ಹೋಗಿ. ಬಿರಡೆ ಕಿತ್ತುಕೊಂಡಾಗ ನೀರು ಕೆಳಕ್ಕೆ ನುಗ್ಗಿ ಬಾಟಲಿ ಮೇಲಕ್ಕೆ ಹೋಗುತ್ತದೆ. ಯಾವಾಗ ಕಿತ್ತುಕೊಳ್ಳುತ್ತದೆಂದು ಮೊದಲೇ ತಿಳಿಯದು, ಹಾಗಾಗಿ ಪಂಪ್ ಹೊಡೆಯಲು ಶುರುವಾದ ಮೇಲೆ ಯಾರೂ ಹತ್ತಿರ ಹೋಗಿ ಬಗ್ಗಬಾರದು. ನೀರಿಲ್ಲದೆ ಒಮ್ಮೆ, ಅರ್ಧ ತುಂಬಿ ಒಮ್ಮೆ, ಪೂರ್ತಿ ತುಂಬಿ ಒಮ್ಮೆ ಹಾರಿಸಿ ನೋಡಿ. ನೀರು ಕಡಿಮೆಯಾದರೆ ಕೆಳಕ್ಕೆ ತಳ್ಳಲು ತೂಕವಿಲ್ಲ, ಹೆಚ್ಚಾದರೆ ಗಾಳಿಗೆ ಜಾಗವಿಲ್ಲ.

ರೆಕ್ಕೆ ನೆಟ್ಟಗಿರಬೇಕು, ಗಾಳಿ ನೋಡಬೇಕು, ತಂತಿ ಇರುವ ಕಡೆ ಹಾರಿಸಬಾರದು, ಅಳೆಯಬೇಕು, ಬರೆದಿಡಬೇಕು, "ಬೇಡ" ಎಂದರೆ ನಿಲ್ಲಬೇಕು: ಬೆಂಕಿಯ ಮಾತೊಂದನ್ನು ಬಿಟ್ಟರೆ ಮೇಲಿನ ಪಾಠಗಳೆಲ್ಲ ಬಾಟಲಿಗೂ ಸಲ್ಲುತ್ತವೆ. ಖರ್ಚು ಒಂದು ಬಿರಡೆಯದು. ಸುಗ್ಗಿ ಮುಗಿದ ಗದ್ದೆಯಷ್ಟು ಒಳ್ಳೆಯ ಮೈದಾನ ಕೊಲರಾಡೊದಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಗದ್ದೆಯವರನ್ನು ಕೇಳಿ, ಮಕ್ಕಳನ್ನು ಕರೆದುಕೊಂಡು ಹೊರಡಿ.